ಕೂಸಿನ ಖರ್ಚು: ಮೊದಲ ಹೆಜ್ಜೆ ಅಂಗನವಾಡಿಗೆ

ಚಿಂಚೋಳಿ ತಾಲ್ಲೂಕಿನ ಐನಾಪುರದ ಚೊಚ್ಚಲ ಗರ್ಭಿಣಿಯೊಬ್ಬರ ಪ್ರಶ್ನೆ: ಹೆರಿಗೆ, ಬಾಣಂತನ, ತೊಟ್ಟಿಲು ಎಲ್ಲ ತವರಿನ ತಲೆ ಮೇಲೆಯೇ, ಉಳಿಸುವುದು ಎಲ್ಲಿ?

ತೊಟ್ಟಿಲ ಕಾರ್ಯದ ಊಟ, ಉಡುಗೊರೆಯಲ್ಲಿ ಧಾರಾಳವಾಗಿ ಉಳಿಸಬಹುದು. ಅದಕ್ಕೂ ಮೊದಲು ಅವರು ಅಂಗನವಾಡಿಯಲ್ಲಿ ಹೆಸರು ಬರೆಸಲಿ. ಮಾತೃ ವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ: ನೋಂದಣಿ, ತಪಾಸಣೆಯ ನಂತರ 3,000, ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆಯಾದ ಮೇಲೆ 2,000. ಎರಡನೆಯದು ಹೆಣ್ಣಾದರೆ 6,000. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ಹಣ ಅಲ್ಲೇ ನಿಲ್ಲುತ್ತದೆ.

2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಸಹ ಉಚಿತ. ಕಾಯಿಲೆ ಬಿದ್ದ ಕೂಸಿಗೂ ವರ್ಷದವರೆಗೆ ಅಲ್ಲಿ ಖರ್ಚಿಲ್ಲ.

ಆರು ತಿಂಗಳು ಎದೆಹಾಲು ಸಾಕು, ನೀರೂ ಬೇಡ. ವೈದ್ಯರು ಡಬ್ಬಿ ಹಾಲು ಬರೆದುಕೊಟ್ಟರೆ, ಹೆಚ್ಚು ದಿನ ಬರಲೆಂದು ತೆಳ್ಳಗೆ ಕಲಸುವುದು ಉಳಿತಾಯವಲ್ಲ, ಅಪಾಯ. ಆರು ತಿಂಗಳು ತುಂಬಿದ ಮೇಲೆ ತೊಗರಿಯ ಈ ಸೀಮೆಯಲ್ಲಿ ದುಬಾರಿ ಪುಡಿ ಯಾಕೆ? ಮೆತ್ತಗೆ ಬೆಂದ ಅನ್ನ, ಬೇಳೆ ಕಿವುಚಿ ಹನಿ ತುಪ್ಪ ಹಾಕಿದರಾಯಿತು. ಹಾಸಲು ಹಳೆ ಸೀರೆಯ ಕೌದಿ, ಮನೆಯಲ್ಲಿ ಹತ್ತಿ ಬಟ್ಟೆ, ಡೈಪರ್ ಪ್ರಯಾಣಕ್ಕಿರಲಿ.

ತಾಯಿ ಕಾರ್ಡ್ ಜೋಪಾನವಾಗಿಡಿ, ಲಸಿಕೆಯ ಒಂದು ತಾರೀಖನ್ನೂ ತಪ್ಪಿಸಬೇಡಿ.