ಮೈದಾ ಬದಲಿಗೆ ಯಾವ ಹಿಟ್ಟು?

ಮನೆಯಲ್ಲೇ ಕೇಕ್, ಬಿಸ್ಕತ್ತು, ಬ್ರೆಡ್ ಮಾಡುವವರಲ್ಲಿ ಅನೇಕರು ಈಗ ಮೈದಾ ಬಿಟ್ಟು ಬೇರೆ ಹಿಟ್ಟು ಹುಡುಕುತ್ತಾರೆ. ದಾವಣಗೆರೆಯ ಮಂಡಿಪೇಟೆಗೆ ಹೋದರೆ ಹಿಟ್ಟಿಗಾಗಲಿ ಕಾಳಿಗಾಗಲಿ ಬರವಿಲ್ಲ. ಆದರೆ ಮೈದಾ ಅಳೆದ ಲೋಟದಲ್ಲೇ ರಾಗಿ ಹಿಟ್ಟು ಅಳೆದು ಸುರಿದರೆ ಕೇಕ್ ಉಬ್ಬದೆ ಇಟ್ಟಿಗೆಯಂತಾಗುತ್ತದೆ. ಹಿಟ್ಟು ಬದಲಿಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ತಿನಿಸಿನಲ್ಲಿ ಮೈದಾ ಮಾಡುವ ಕೆಲಸವೇನು? ನೀವು ಅದನ್ನು ಬದಲಿಸುತ್ತಿರುವುದು ಯಾರಿಗಾಗಿ?

ಅಂಟಿನ ಗುಟ್ಟು

ಗೋಧಿಗೆ ನೀರು ಬೆರೆಸಿ ನಾದಿದಾಗ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಬಲೆಯಂತೆ ಹೆಣೆದುಕೊಳ್ಳುತ್ತದೆ. ಈಸ್ಟ್ ಅಥವಾ ಬೇಕಿಂಗ್ ಪೌಡರ್‌ನಿಂದ ಹುಟ್ಟುವ ಗಾಳಿಯನ್ನು ಈ ಬಲೆ ಹಿಡಿದಿಡುತ್ತದೆ. ಅದರಿಂದಲೇ ಬ್ರೆಡ್ ಉಬ್ಬುವುದು. ರಾಗಿ, ಜೋಳ, ಅಕ್ಕಿ, ಕಡಲೆ ಹಿಟ್ಟುಗಳಲ್ಲಿ ಈ ಅಂಟಿಲ್ಲ. ಜೋಳದ ರೊಟ್ಟಿ ತಟ್ಟಲು ಬಿಸಿನೀರು ಬೇಕಾಗುವುದೂ ಇದೇ ಕಾರಣಕ್ಕೆ. ಅಲ್ಲಿ ಹಿಟ್ಟನ್ನು ಹಿಡಿದಿಡುವುದು ಬೆಂದ ಪಿಷ್ಟವೇ ಹೊರತು ಗ್ಲುಟೆನ್ ಅಲ್ಲ.

ಎಷ್ಟು ಬದಲಿಸಬಹುದು?

ಲೋಟದ ಅಳತೆಗಿಂತ ತೂಕ ಮೇಲು. ಒಂದು ಕಪ್ ಮೈದಾ ಸುಮಾರು 125 ಗ್ರಾಂ ತೂಗುತ್ತದೆ. ಅಷ್ಟೇ ತೂಕದ ಬೇರೆ ಹಿಟ್ಟು ತೆಗೆದುಕೊಳ್ಳಿ.

ಗೋಧಿ ಹಿಟ್ಟು: ಮೊದಲ ಸಲ ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಹಾಕಿ ನೋಡಿ. ತೌಡು ನೀರು ಕುಡಿಯುವುದರಿಂದ ಕಪ್ಪಿಗೆ ಎರಡು ಚಮಚ ಹಾಲು ಹೆಚ್ಚು ಬೇಕು. ಹದ ಹಿಡಿದ ಮೇಲೆ ಪೂರ್ತಿ ಗೋಧಿಯಲ್ಲೂ ಕೇಕ್ ಮಾಡಬಹುದು.

ರಾಗಿ, ಜೋಳ: ಕೇಕಿಗೆ ಮೂರನೇ ಒಂದು ಪಾಲು, ಬ್ರೆಡ್ಡಿಗೆ ಕಾಲು ಪಾಲು ಸಾಕು. ಬಿಸ್ಕತ್ತು ಉಬ್ಬಬೇಕಿಲ್ಲ, ಪುಡಿಪುಡಿಯಾಗಿದ್ದರೇ ರುಚಿ. ಆದ್ದರಿಂದ ಅದಕ್ಕೆ ಪೂರ್ತಿ ರಾಗಿಯೂ ಆದೀತು. ಹಿಟ್ಟನ್ನು ಸಣ್ಣ ಉರಿಯಲ್ಲಿ ಹುರಿದುಕೊಂಡರೆ ಹಸಿ ವಾಸನೆ ಹೋಗುತ್ತದೆ.

ಹೆಸರಿನ ಗೊಂದಲವೂ ಉಂಟು. ರೊಟ್ಟಿಯ ಜೋಳ ಬೇರೆ, ಮೆಕ್ಕೆಜೋಳ ಬೇರೆ. ಕಾರ್ನ್ ಫ್ಲೋರ್ ಎಂದು ಮಾರುವ ನುಣುಪಾದ ಬಿಳಿ ಪುಡಿ ಮೆಕ್ಕೆಜೋಳದ ಪಿಷ್ಟ ಮಾತ್ರ. ಅದರಲ್ಲಿ ನಾರು ಇಲ್ಲವೆನ್ನುವಷ್ಟು ಕಡಿಮೆ.

ಲಾಭವೇನು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯ ಪ್ರಕಾರ 100 ಗ್ರಾಂ ಮೈದಾದಲ್ಲಿ ನಾರು ಸುಮಾರು 3 ಗ್ರಾಂ. ಗೋಧಿ ಹಿಟ್ಟು ಮತ್ತು ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ 10 ಗ್ರಾಂ. ರಾಗಿಯಲ್ಲಿ ಸುಣ್ಣದಂಶವೂ 350 ಮಿಲಿಗ್ರಾಂಗೆ ಮೇಲಿದೆ. ಬಿಳಿ ಅಕ್ಕಿಯ ನಾರು ಮಾತ್ರ ಮೈದಾದಷ್ಟೇ. ಮೈದಾ ಬಿಟ್ಟು ಅಕ್ಕಿ ಹಿಟ್ಟು ಹಿಡಿದರೆ ನಾರಿನ ಲೆಕ್ಕದಲ್ಲಿ ಗಳಿಸಿದ್ದೇನೂ ಇಲ್ಲ.

ಸಕ್ಕರೆ ಕಾಯಿಲೆಯವರು ಇನ್ನೊಂದು ಮಾತು ನೆನಪಿಡಬೇಕು. ರಾಗಿಯೂ ಪಿಷ್ಟವೇ. 100 ಗ್ರಾಂ ಮೈದಾದಲ್ಲಿ ಸುಮಾರು 350 ಕ್ಯಾಲರಿ ಇದ್ದರೆ ರಾಗಿಯಲ್ಲಿ 320. ಸಕ್ಕರೆ, ಬೆಣ್ಣೆ ಅಷ್ಟೇ ಸುರಿದು ಹಿಟ್ಟು ಮಾತ್ರ ಬದಲಿಸಿದ ಕೇಕ್ ಔಷಧವಾಗುವುದಿಲ್ಲ. ‘ರಾಗಿಯದಲ್ಲವೇ’ ಎಂದು ಎರಡು ತುಂಡು ಹೆಚ್ಚು ತಿಂದರೆ ನಷ್ಟವೇ. ಬೆಲ್ಲ ಹಾಕಿದರೂ ಇದೇ ಮಾತು.

ಗೋಧಿಯೇ ಒಗ್ಗದವರಿಗೆ

ಮೇಲಿನದೆಲ್ಲ ರುಚಿ ಮತ್ತು ಪುಷ್ಟಿಯ ಮಾತಾಯಿತು. ಸೀಲಿಯಾಕ್ ಕಾಯಿಲೆ ಇರುವವರ ಪಾಲಿಗೆ ಹಿಟ್ಟಿನ ಆಯ್ಕೆಯೇ ಚಿಕಿತ್ಸೆ. ಇವರ ಸಣ್ಣ ಕರುಳಿನ ಒಳಪದರ ಗ್ಲುಟೆನ್‌ನಿಂದ ಹಾಳಾಗುತ್ತದೆ. ಬಹುಕಾಲದ ಭೇದಿ, ಹೊಟ್ಟೆ ಉಬ್ಬರ, ಮಗುವಿನ ಬೆಳವಣಿಗೆ ಕುಂಠಿತವಾಗುವುದು, ಕಬ್ಬಿಣದ ಮಾತ್ರೆಗೂ ಬಗ್ಗದ ರಕ್ತಹೀನತೆ ಇದರ ಲಕ್ಷಣಗಳು. ಕಾರಣ ಗೋಧಿ ಎಂಬುದನ್ನು 1940ರ ದಶಕದಲ್ಲಿ ಕಂಡುಕೊಂಡವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ.

ಇಂಥವರಿಗೆ ಮೈದಾ ಬದಲು ಗೋಧಿ ಹಿಟ್ಟು ಕೊಟ್ಟರೆ ಏನೂ ಪ್ರಯೋಜನವಿಲ್ಲ. ಮೈದಾ, ಬಾಂಬೆ ರವೆ, ಚಿರೋಟಿ ರವೆ, ಗೋಧಿ ಶ್ಯಾವಿಗೆ ಎಲ್ಲವೂ ಗೋಧಿಯ ಮಕ್ಕಳೇ. ಬಾರ್ಲಿಯೂ ಆಗದು. ಖಾರದ ಬಿಸ್ಕತ್ತಿಗೆ ಹಾಕುವ ಇಂಗಿನ ಡಬ್ಬಿಯನ್ನೂ ಓದಿ ನೋಡಿ. ಕೂಟಿಂಗಿನಲ್ಲಿ ಗೋಧಿ ಹಿಟ್ಟು ಬೆರೆತಿರುವುದು ಸಾಮಾನ್ಯ.

ಗಿರಣಿಯೂ ಮುಖ್ಯ. ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸಿದರೆ ಗೋಧಿ ಪುಡಿ ಬೆರೆಯುತ್ತದೆ. ಉಳಿದವರಿಗೆ ಅದು ಲೆಕ್ಕಕ್ಕಿಲ್ಲ, ಈ ರೋಗಿಗೆ ಅದೇ ವಿಷ. ನಮ್ಮ ದೇಶದ ಆಹಾರ ನಿಯಮದಂತೆ ‘ಗ್ಲುಟೆನ್ ರಹಿತ’ ಎನ್ನಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಕಾಳು ಕೊಂಡು ಆರಿಸಿ, ತೊಳೆದು, ಒಣಗಿಸಿ, ಮನೆಯ ಮಿಕ್ಸಿಯಲ್ಲೇ ಪುಡಿ ಮಾಡುವುದು ಕ್ಷೇಮ. ಜರಡಿ, ಕೇಕ್ ತಟ್ಟೆ ಬೇರೆ ಇರಲಿ. ಅಂಟಿನ ಕೊರತೆ ನೀಗಲು ಹಿಟ್ಟಿಗೆ ಸ್ವಲ್ಪ ಇಸಬ್‌ಗೋಲ್ ಅಥವಾ ಮೊಟ್ಟೆ ಸೇರಿಸಬಹುದು.

ಆದರೆ ಅನುಮಾನ ಬಂದ ಮಾತ್ರಕ್ಕೆ ಗೋಧಿ ಬಿಡಬೇಡಿ. ಗೋಧಿ ತಿನ್ನುತ್ತಿರುವಾಗಲೇ ರಕ್ತ ಪರೀಕ್ಷೆ ಮಾಡಿಸಬೇಕು. ಮೊದಲೇ ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ವೈದ್ಯರು ಕಾಯಿಲೆ ಖಚಿತಪಡಿಸಿದರೆ ಪಥ್ಯ ಜೀವನಪೂರ್ತಿ. ಹುಟ್ಟುಹಬ್ಬದ ಒಂದು ತುಂಡಿಗೂ ವಿನಾಯಿತಿ ಇಲ್ಲ. ಅಂಥ ಮಗುವಿನ ಸಂತೋಷಕ್ಕೆ ಮನೆಯಲ್ಲಿ ಜಾಗ್ರತೆಯಿಂದ ಮಾಡಿದ ರಾಗಿ ಬಿಸ್ಕತ್ತೇ ಸಾಕು.