ಬೈಕಿನ ಪರೀಕ್ಷೆ ಅಂಗಳದಲ್ಲಿ

ಚಿಕ್ಕಮಗಳೂರು ಜಿಲ್ಲೆಯ ಮಳೆ ವರದಿಯಲ್ಲಿ ಕಿಗ್ಗದ ಜೊತೆ ಮೊದಲ ಸಾಲಿಗೆ ಬರುವ ಹೆಸರು ನಮ್ಮ ಕೆರೆಕಟ್ಟೆಯದು. ಇಂಥ ಊರಿನಲ್ಲಿ ಇದ್ದುಕೊಂಡು, ಮೊದಲ ಬೈಕೇ ರೇಸ್ ಬೈಕಿನ ಹಾಗೆ ಕಾಣಬೇಕು ಅಂತ ಹಟ ಹಿಡಿದವಳು ನಾನು. ಹಟ ಬಿಡಲಿಲ್ಲ, ಬಿಡಬೇಕಿತ್ತು ಅಂತ ಈಗಲೂ ಅನ್ನಿಸಿಲ್ಲ. ಆದರೆ ಯಾವುದನ್ನು ತರುವುದು ಅಂತ ತೀರ್ಮಾನಿಸುವ ಮುಂಚೆ ಒಂದು ಮಳೆಗಾಲ ಪೂರ್ತಿ ಕಂಡವರ ಬೈಕೆಲ್ಲ ಹತ್ತಿ ಇಳಿದೆ. ಹಾಗೆ ಹತ್ತಿ ಇಳಿದು ತಿಳಿದದ್ದು ಷೋರೂಮಿನಲ್ಲಿ ಯಾರೂ ಹೇಳದ ಸಂಗತಿ.

ನಮ್ಮ ಮನೆಯಿಂದ ಹೊರಟರೆ ಮೊದಲು ಅಂಗಳದ ಇಳಿಜಾರು. ಆಮೇಲೆ ಹಳ್ಳದ ಸಂಕ. ಆಮೇಲೆ ಜೀಪು ಓಡಾಡಿ ಎರಡು ಗುಂಡಿಗೆರೆಯಾದ ಮಣ್ಣುದಾರಿ. ಡಾಂಬರು ಸಿಗುವುದು ಅದೆಲ್ಲ ಮುಗಿದ ಮೇಲೆ. ಆ ಡಾಂಬರಿಗೆ ರಾಷ್ಟ್ರೀಯ ಹೆದ್ದಾರಿ 169 ಅಂತ ಹೆಸರು. ಮಂಗಳೂರಿನಿಂದ ಹೊರಟು ಕಾರ್ಕಳ, ಮಾಳ, ಎಸ್.ಕೆ. ಬಾರ್ಡರ್ ದಾಟಿ ನಮ್ಮೂರಿಗೆ ಬರುತ್ತದೆ, ತನಿಕೋಡು, ನೆಮ್ಮಾರು, ಶೃಂಗೇರಿ, ಕೊಪ್ಪದ ಮೇಲೆ ಶಿವಮೊಗ್ಗಕ್ಕೆ ಹೋಗುತ್ತದೆ. 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು ರಸ್ತೆಗೆ ತಾಗಿಕೊಂಡೇ ಇದೆ. ಒಂದು ಬದಿ ದರೆ, ಇನ್ನೊಂದು ಬದಿ ಇಳುಕಲು. ಜೂನ್ ಹದಿನೈದರ ಮೇಲೆ ಇಲ್ಲಿ ಮೂರನೇ ಗೇರಿನಿಂದ ನಾಲ್ಕಕ್ಕೆ ಹಾಕುವಷ್ಟು ನೇರ ದಾರಿ ಸಿಕ್ಕಿದರೂ ಅದರ ತುಂಬ ಎಲೆ ಕೊಳೆತು ಬಿದ್ದಿರುತ್ತದೆ.

ಇಂಥ ದಾರಿಗೆ ಸ್ಪೋರ್ಟ್ಸ್ ಬೈಕೇ ಅಂತ ನಗುವವರು ನಗಲಿ. ಅವರದೇ ಕಾಲದ ಆರ್‌ಎಕ್ಸ್ 100 ಮತ್ತೇನು? 1985ರಿಂದ 1996ರವರೆಗೆ ತಯಾರಾದ 98 ಸಿಸಿಯ ಟೂ ಸ್ಟ್ರೋಕ್ ಗಾಡಿ ಅದು. ತೂಕ ನೂರು ಕೆ.ಜಿ.ಯ ಆಸುಪಾಸು, ಶಕ್ತಿ ಹನ್ನೊಂದು ಎಚ್‌ಪಿ. ಇವತ್ತಿಗೂ ಕೊಪ್ಪ, ಎನ್.ಆರ್. ಪುರದ ಕಡೆ ಅದರ ಸದ್ದು ಕೇಳಿದರೆ ಐವತ್ತು ದಾಟಿದ ಗಂಡಸರು ತಿರುಗಿ ನೋಡುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯ ಮೇಲೂ ಅದೇ ಮೋಹ. ಅವೆಲ್ಲ ಚಂದ ಕಂಡದ್ದಕ್ಕೇ ಕೊಂಡ ಬೈಕುಗಳು, ಗದ್ದೆಗೆ ಗೊಬ್ಬರ ಹೊರಲು ತಂದವಲ್ಲ. ವ್ಯತ್ಯಾಸ ಒಂದೇ. ಆಗಿನ ಚಂದದ ಗಾಡಿಗಳಲ್ಲಿ ಜನ ಬೆನ್ನು ನೆಟ್ಟಗೆ ಇಟ್ಟು ಕೂರುತ್ತಿದ್ದರು. ಮುಂದಕ್ಕೆ ಬಾಗಿ ಕೂರುವ ರೇಸ್ ಮಾದರಿ ನಮ್ಮ ಹುಡುಗರ ಕೈಗೆಟುಕಿದ್ದು 2008ರಲ್ಲಿ ಯಮಹಾ ಆರ್15 ಬಂದ ಮೇಲೆ. ಅಲ್ಲಿಂದ ಈಚೆಗೆ ಸ್ಪೋರ್ಟ್ಸ್ ಬೈಕ್ ಅಂದರೆ ಮೈತುಂಬ ಫೇರಿಂಗ್, ಎತ್ತಿದ ಹಿಂದಿನ ಸೀಟು, ಕೆಳಗಿಳಿದ ಹ್ಯಾಂಡಲ್ ಅಂತ ಆಗಿಹೋಯಿತು.

ಈ ಮೂರನ್ನೂ ಬಿಡಿಬಿಡಿಯಾಗಿ ನೋಡಬೇಕು ಅನ್ನುವುದೇ ನನಗೆ ತಿಳಿದ ದೊಡ್ಡ ಸಂಗತಿ. ಫೇರಿಂಗ್ ನೋಟಕ್ಕೆ. ಹ್ಯಾಂಡಲ್ ನಮ್ಮ ಮಣಿಕಟ್ಟಿಗೆ. ಹಿಂದಿನ ಸೀಟು ಮನೆಯವರಿಗೆ.

ನಾನು ಕಲಿತದ್ದು ಅಪ್ಪಯ್ಯನ ಸ್ಪ್ಲೆಂಡರ್‌ನಲ್ಲಿ. ಅದರ ತೂಕ 112 ಕೆ.ಜಿ. ಆಸುಪಾಸು, ಸೀಟಿನ ಎತ್ತರ 785 ಮಿ.ಮೀ. ನನ್ನ ಎತ್ತರಕ್ಕೆ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುತ್ತದೆ. ಆರ್15ರ ಮೂರನೇ ಆವೃತ್ತಿ 2018ರಲ್ಲಿ ಬಂತು. ಅದರ ಸೀಟು 815 ಮಿ.ಮೀ. ಮೂವತ್ತು ಮಿಲಿಮೀಟರ್ ಅಂದರೆ ಒಂದೂಕಾಲು ಇಂಚಿಗೂ ಕಡಿಮೆ, ಕಾಗದದ ಮೇಲೆ ನೋಡಿದರೆ ಏನೂ ಅಲ್ಲ. ಷೋರೂಮಿನ ಟೈಲ್ಸ್ ನೆಲದ ಮೇಲೂ ಏನೂ ಅಲ್ಲ, ಹೆಬ್ಬೆರಳ ತುದಿಯಲ್ಲಿ ನಿಂತರಾಯಿತು. ಆದರೆ ಮಳೆಗೆ ಕೊರೆದುಹೋದ ಇಳಿಜಾರಿನಲ್ಲಿ ನಿಲ್ಲಿಸಿದಾಗ ಕಾಲಿಡುವ ಕಡೆಯ ನೆಲವೇ ನಾಲ್ಕು ಇಂಚು ಕೆಳಗಿರುತ್ತದೆ. ಬೈಕು ಆ ಕಡೆಗೆ ವಾಲಿತೋ, 140 ಕೆ.ಜಿ.ಯನ್ನು ಹೆಬ್ಬೆರಳಿನಲ್ಲಿ ಹಿಡಿದು ನಿಲ್ಲಿಸಲು ನನ್ನಿಂದಂತೂ ಆಗದು.

ಚಿಕ್ಕಪ್ಪನ ಮಗ, ನಾನು ಅಣ್ಣ ಅಂತ ಕರೆಯುವವನು, ಅಂಥದ್ದೇ ರೇಸ್ ಮಾದರಿಯ ಬೈಕು ಇಟ್ಟುಕೊಂಡಿದ್ದಾನೆ. ಪುಣ್ಯಾತ್ಮ, ಓಡಿಸಲು ಕೇಳಿದಾಗ ಇಲ್ಲ ಅನ್ನಲಿಲ್ಲ. ಹೆದ್ದಾರಿಗೆ ಹೋಗುವುದು ಬೇಡ, ಮೊದಲು ನಮ್ಮ ಅಂಗಳದಲ್ಲಿ ಒಂದು ಸುತ್ತು ತಿರುಗಿಸುತ್ತೇನೆ ಅಂದೆ. ಅವನಿಗೆ ನಗು. ಆದರೆ ನಿಜವಾದ ಪರೀಕ್ಷೆ ಆದದ್ದು ಅಲ್ಲಿಯೇ. ಅಪ್ಪಯ್ಯನ ಬೈಕು ಅಡಿಕೆ ಹರಡಿದ ಜಾಗ ಬಿಟ್ಟು ಬಾವಿಕಟ್ಟೆ ಸುತ್ತಿ ಒಂದೇ ಸಲಕ್ಕೆ ತಿರುಗುತ್ತದೆ. ಇದರ ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಹೆಬ್ಬೆರಳು ಟ್ಯಾಂಕಿಗೆ ಒತ್ತಿಕೊಂಡಿತು, ಅಲ್ಲಿಂದ ಮುಂದೆ ಅದು ತಿರುಗುವುದೇ ಇಲ್ಲ. ಇಳಿದು, ಹಿಂದೆ ಎಳೆದು, ಮತ್ತೆ ಹತ್ತಬೇಕಾಯಿತು. ರೇಸ್ ಟ್ರ್ಯಾಕಿನಲ್ಲಿ ಯಾರೂ ಬಾವಿಕಟ್ಟೆ ಸುತ್ತುವುದಿಲ್ಲವಲ್ಲ, ಅದಕ್ಕೆ ಬೇಕಾದ ಹಾಗೆ ಅದನ್ನು ಮಾಡಿದ್ದಾರೆ.

ಇನ್ನೊಂದು ಗೊತ್ತಾದದ್ದು ಏರಿನಲ್ಲಿ. ಹೊಸಬರು ಶಕ್ತಿ ಎಷ್ಟು ಅಂತ ಕೇಳುತ್ತಾರೆ, ಅದು ಯಾವಾಗ ಸಿಗುತ್ತದೆ ಅಂತ ಕೇಳುವುದಿಲ್ಲ. ಆರ್15 ಮೂರನೇ ಆವೃತ್ತಿಯ ಎಳೆತ, ಮೆಕ್ಯಾನಿಕ್‌ಗಳು ಟಾರ್ಕ್ ಅನ್ನುತ್ತಾರಲ್ಲ, ಅದು ಪೂರ್ತಿ ಸಿಗುವುದು ಎಂಜಿನ್ ನಿಮಿಷಕ್ಕೆ 8,500 ಸುತ್ತು ತಿರುಗಿದಾಗ. 2015ರಲ್ಲಿ ಬಂದ ಸುಜುಕಿ ಜಿಕ್ಸರ್ ಎಸ್‌ಎಫ್‌ನಲ್ಲಿ ಅಷ್ಟೇ ಸಿಸಿ, ಹೆಚ್ಚುಕಡಿಮೆ ಅಷ್ಟೇ ಟಾರ್ಕ್. ಆದರೆ 6,000 ಸುತ್ತಿಗೇ ಸಿಗುತ್ತದೆ. ಮಂಗಳೂರು ಬೈಪಾಸಿನಲ್ಲಿ ಮೊದಲನೆಯದು ಗೆಲ್ಲುತ್ತದೆ, ಅನುಮಾನವಿಲ್ಲ. ಕೆಸರಿನ ಏರಿನಲ್ಲಿ, ಒಂದನೇ ಗೇರಿನಲ್ಲಿ, ಹಾಫ್ ಕ್ಲಚ್ ಹಿಡಿದು ಹತ್ತಿಸುವಾಗ ಹೆಚ್ಚು ಸುತ್ತು ಬೇಡುವ ಎಂಜಿನ್ ಹೊಸಬರನ್ನು ಗಾಬರಿಗೊಳಿಸುತ್ತದೆ. ಕಡಿಮೆ ಕೊಟ್ಟರೆ ಆಫ್ ಆಗುತ್ತದೆ, ಜಾಸ್ತಿ ಕೊಟ್ಟರೆ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ.

ಇಳಿಯುವಾಗಿನ ಕಥೆ ಬೇರೆ. ಎಸ್.ಕೆ. ಬಾರ್ಡರ್‌ನಿಂದ ಮಾಳದ ಕಡೆ ಇಳಿಯುವಾಗ ಮೈಭಾರ ತಾನಾಗಿ ಮುಂದಕ್ಕೆ ಬರುತ್ತದೆ. ಹ್ಯಾಂಡಲ್ ಕೆಳಗಿದ್ದರೆ ಆ ಭಾರವೆಲ್ಲ ಅಂಗೈ ಮೇಲೆ ಕೂರುತ್ತದೆ. ಅಂಗೈ ಮೇಲೆ ಭಾರ ಬಿದ್ದವರು ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾರೆ, ಬಿಗಿಯಾಗಿ ಹಿಡಿದವರ ಬೈಕು ತಿರುವಿನಲ್ಲಿ ಮಾತು ಕೇಳುವುದಿಲ್ಲ. ಅಣ್ಣ ಹೇಳಿಕೊಟ್ಟ ಉಪಾಯ, ಟ್ಯಾಂಕನ್ನು ಮಂಡಿಯಲ್ಲಿ ಅವುಚಿ ಹಿಡಿದುಕೊಳ್ಳುವುದು, ಬ್ರೇಕು ಹಿಡಿದುಕೊಂಡೇ ಇಳಿಯದೆ ಎರಡನೇ ಗೇರಿನಲ್ಲಿ ಎಂಜಿನ್ನಿಗೇ ತಡೆಯಲು ಬಿಡುವುದು. ಉಪಾಯ ಸರಿಯೇ. ಅವನಿಗೆ ಅದು ರೂಢಿ. ಕ್ಲಚ್ಚು, ಗೇರು, ಬ್ರೇಕು, ತಿರುವು, ಎದುರಿನ ಬಸ್ಸು ಎಲ್ಲವನ್ನೂ ಒಟ್ಟಿಗೆ ನೋಡಬೇಕಾದ ಹೊಸಬರಿಗೆ ಮಂಡಿಯ ನೆನಪು ಬರುವುದು ಬಾಜಗೋಳಿ ಮುಟ್ಟಿದ ಮೇಲೆ.

ಟಯರು, ಬ್ರೇಕಿನ ಬಗ್ಗೆ ಒಂದು ಮಾತು. ಅಗಲ ಟಯರು ಇದ್ದರೆ ಜಾರುವುದಿಲ್ಲ ಅಂತ ನಮ್ಮಲ್ಲಿ ಒಂದು ನಂಬಿಕೆಯಿದೆ. ಒದ್ದೆ ಡಾಂಬರಿನಲ್ಲಿ ಒಳ್ಳೆಯ ಟಯರು ಹಿಡಿಯುತ್ತದೆ ನಿಜ. ಹಾವಸೆಗೆ ಮಾತ್ರ ಟಯರಿನ ಬ್ರ್ಯಾಂಡು ಗೊತ್ತಿಲ್ಲ. ಎಬಿಎಸ್ ಮಾತ್ರ ಬೇಕೇ ಬೇಕು ಅನ್ನುತ್ತೇನೆ. 125 ಸಿಸಿ ಮೀರಿದ ಎಲ್ಲ ಹೊಸ ಬೈಕಿಗೂ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಸೆಕೆಂಡ್ ಹ್ಯಾಂಡ್ ನೋಡುವವರು ಸ್ಟಿಕ್ಕರ್ ನಂಬಬೇಡಿ. ಕೀ ಹಾಕಿದಾಗ ಮೀಟರಿನಲ್ಲಿ ಎಬಿಎಸ್ ದೀಪ ಹತ್ತಬೇಕು, ನಾಲ್ಕು ಮಾರು ಓಡಿಸಿದ ಮೇಲೆ ಆರಬೇಕು. ಸಿಂಗಲ್ ಚಾನೆಲ್ ಆದರೆ ಅದು ಕಾಯುವುದು ಮುಂದಿನ ಚಕ್ರವನ್ನು ಮಾತ್ರ, ಹಿಂದಿನ ಬ್ರೇಕು ಒತ್ತಿ ತುಳಿದರೆ ಹಿಂಬದಿ ಜಾರುವುದು ಜಾರಿಯೇ ಜಾರುತ್ತದೆ.

ಇನ್ನು ಅಮ್ಮ. ಮೊದಲ ಬೈಕು ತೆಗೆದುಕೊಳ್ಳುವ ಹುಡುಗರ ಲೆಕ್ಕದಲ್ಲಿ ಹಿಂದಿನ ಸೀಟಿಗೆ ಗೆಳೆಯ ಇರುತ್ತಾನೆ, ಗೆಳತಿ ಇರುತ್ತಾಳೆ, ಅಮ್ಮ ಇರುವುದಿಲ್ಲ. ನಮ್ಮ ಕಡೆ ಬಸ್ಸಿನ ಪರಿಸ್ಥಿತಿ ಗೊತ್ತಿದ್ದವರಿಗೆ ನಾನು ಹೇಳಬೇಕಿಲ್ಲ. ಶೃಂಗೇರಿಯ ಡಾಕ್ಟರ ಹತ್ತಿರ, ಸೊಸೈಟಿಗೆ, ಮದುವೆಮನೆಗೆ ಹೋಗಲು ಅಮ್ಮ ಹತ್ತುವುದು ಇದೇ ಬೈಕನ್ನು. ಅಣ್ಣನ ಬೈಕಿನ ಹಿಂದಿನ ಸೀಟು ನೋಡಿ ಅಮ್ಮ ಕೇಳಿದ್ದು, ‘ಇದೆಂತ ಮಾರಾಯ್ತಿ, ಸೀಟೋ ಅಟ್ಟವೋ? ಏಣಿ ಎಲ್ಲಿಟ್ಟಿದಾರೆ?’

ಅಮ್ಮ ಕೂರುವುದು ಸೀರೆಯುಟ್ಟು, ಒಂದೇ ಬದಿಗೆ ಕಾಲು ಹಾಕಿ. ಹಾಗೆ ಕೂರುವುದು ಸುರಕ್ಷಿತವಲ್ಲ, ಎರಡೂ ಬದಿಗೆ ಕಾಲು ಹಾಕಬೇಕು ಅಂತ ನಾನು ಹೇಳುತ್ತಲೇ ಇದ್ದೇನೆ, ಚೂಡಿದಾರ ಹಾಕಿದ ದಿನ ಒಪ್ಪುತ್ತಾರೆ. ಉಳಿದ ದಿನ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಜಾಗ, ಬಟ್ಟೆ ಚಕ್ರಕ್ಕೆ ಸಿಕ್ಕದ ಹಾಗೆ ಅರ್ಧ ಚಕ್ರ ಮುಚ್ಚುವ ತಡೆ ಇರಲೇಬೇಕು. ನಾವು ಸೀರೆ ಗಾರ್ಡ್ ಅನ್ನುವುದು ಇದನ್ನೇ. ಕಂಪನಿ ಹಾಕಿ ಕಳಿಸಿದ್ದನ್ನು ನಮ್ಮ ಹುಡುಗರು ನೋಟ ಕೆಡುತ್ತದೆ ಅಂತ ಮೊದಲ ವಾರವೇ ಬಿಚ್ಚಿಸುತ್ತಾರೆ. ಬಿಚ್ಚಿಸಬೇಡಿ. 2016ರ ಜನವರಿಯಿಂದ ರಾಜ್ಯದಲ್ಲಿ ಹಿಂಬದಿಯವರಿಗೂ ಹೆಲ್ಮೆಟ್ ಕಡ್ಡಾಯ. ಎರಡನೇ ಹೆಲ್ಮೆಟ್ಟಿನ ದುಡ್ಡನ್ನೂ ಬೈಕಿನ ಬೆಲೆಯೊಳಗೇ ಹಿಡಿಯಿರಿ.

ಇಷ್ಟೆಲ್ಲ ಆದ ಮೇಲೆ ನಾನು ತಂದದ್ದು 2018ರ ಜಿಕ್ಸರ್ ಎಸ್‌ಎಫ್, ಎಬಿಎಸ್ ಇದ್ದದ್ದು, ಸೆಕೆಂಡ್ ಹ್ಯಾಂಡ್. ನೋಡಿದರೆ ಪೂರ್ತಿ ಫೇರಿಂಗಿನ ಸ್ಪೋರ್ಟ್ಸ್ ಬೈಕು. ಆದರೆ ಆ ಹಳೆಯ ರೂಪದಲ್ಲಿ ಹ್ಯಾಂಡಲ್ ಫೇರಿಂಗ್ ಇಲ್ಲದ ಸಾಧಾರಣ ಜಿಕ್ಸರ್‌ನದೇ, ಬೆನ್ನು ನೆಟ್ಟಗಿರುತ್ತದೆ. ಸೀಟು 780 ಮಿ.ಮೀ., ಅಪ್ಪಯ್ಯನ ಸ್ಪ್ಲೆಂಡರ್‌ಗಿಂತ ಒಂದು ಕೂದಲು ಕೆಳಗೆ. ಅಮ್ಮ ಏಣಿ ಕೇಳಲಿಲ್ಲ.

ಸೆಕೆಂಡ್ ಹ್ಯಾಂಡೇ ಯಾಕೆ ಅಂದರೆ, ಹೊಸಬರ ಬೈಕು ಬೀಳುತ್ತದೆ. ಓಡುವಾಗ ಅಲ್ಲ, ನಿಂತಾಗ: ಅಂಗಳದಲ್ಲಿ, ಸ್ಟ್ಯಾಂಡ್ ಮಣ್ಣಿನಲ್ಲಿ ಹೂತಾಗ, ಸಂಕದ ಹತ್ತಿರ ತಿರುಗಿಸುವಾಗ. ಲೆಗ್ ಗಾರ್ಡ್ ಇರುವ ಸಾದಾ ಬೈಕು ಬಿದ್ದರೆ ಎತ್ತಿ ಮಣ್ಣು ಒರೆಸಿ ಹೋಗಬಹುದು. ಫೇರಿಂಗ್ ಇದ್ದದ್ದು ಬಿದ್ದರೆ ಪ್ಲಾಸ್ಟಿಕ್ಕಿನ ಕೊಕ್ಕೆಗಳು ಮುರಿಯುತ್ತವೆ, ಆ ಭಾಗಕ್ಕೆ ಶಿವಮೊಗ್ಗಕ್ಕೋ ಮಂಗಳೂರಿಗೋ ಹೇಳಿ ಕಳಿಸಿ ಕಾಯಬೇಕು. ಆಗಲೇ ಗೀರು ಬಿದ್ದ ಬೈಕಿನ ಮೇಲೆ ಇನ್ನೊಂದು ಗೀರು ಬಿದ್ದರೆ ಎದೆ ಒಡೆಯುವುದಿಲ್ಲ. ತೆರಿಗೆಯ ಮಾತೂ ಇದೆ. ಕರ್ನಾಟಕದಲ್ಲಿ ಒಂದು ಲಕ್ಷ ದಾಟಿದ ಹೊಸ ಬೈಕಿಗೆ ಆಜೀವ ತೆರಿಗೆಯೇ ಶೇಕಡಾ 18, ಮೇಲೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ. ರಾಜ್ಯದೊಳಗಿನ ಹಳೆಯ ಬೈಕಿಗೆ ತೆರಿಗೆ ಮೊದಲ ಮಾಲೀಕರೇ ಕಟ್ಟಿರುತ್ತಾರೆ. ಕೊಳ್ಳುವಾಗ ಹ್ಯಾಂಡಲಿನ ತುದಿ, ಲಿವರಿನ ತುದಿ, ಫುಟ್‌ರೆಸ್ಟಿನ ತುದಿ ನೋಡಿ, ಬಿದ್ದ ಬೈಕಿನ ಜಾತಕ ಅಲ್ಲಿರುತ್ತದೆ. ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಸುಮ್ಮನಾಗಬೇಡಿ, ಆರ್‌ಸಿ ನಿಮ್ಮ ಹೆಸರಿಗೆ ಬರುವವರೆಗೆ ಹಿಂದೆ ಬೀಳಿ.

ಮಳೆಗಾಲದ ಚಾಕರಿ ಮಾತ್ರ ತಪ್ಪಿದ್ದಲ್ಲ. ಅಪ್ಪಯ್ಯನ ಬೈಕಿನ ಚೈನು ಪೂರ್ತಿ ಕವರಿನೊಳಗೆ ಬೆಚ್ಚಗಿರುತ್ತದೆ, ನನ್ನದು ಬಯಲಿನಲ್ಲಿ. ದಿನಾ ಕೆಸರು ತೊಳೆದು, ಆಗಾಗ ಎಣ್ಣೆ ಹಾಕದಿದ್ದರೆ ಕರಕರ ಅನ್ನುತ್ತದೆ. ಮುಂದಿನ ಮಡ್‌ಗಾರ್ಡ್ ಚಕ್ರಕ್ಕೆ ತೀರ ಹತ್ತಿರ, ಜಿಗುಟು ಮಣ್ಣು ಅಲ್ಲಿ ಕಚ್ಚಿಕೊಳ್ಳುತ್ತದೆ, ಕಡ್ಡಿ ಹಾಕಿ ತೆಗೆಯಬೇಕು. ಗಾಳಿ ಸೀಳುವ ಫೇರಿಂಗಿನ ಉಪಯೋಗ ನಲವತ್ತರ ವೇಗದಲ್ಲಿ ಏನೂ ಇಲ್ಲ ಅಂತ ಅಪ್ಪಯ್ಯ ಹೇಳುತ್ತಾರೆ, ಹೌದು. ಆದರೆ ಕೆಲಸ ಮುಗಿಸಿ ಬಂದು ಆ ಬೈಕು ನಿಂತಿರುವುದನ್ನು ನೋಡಿದರೆ ಓಡಿಸಬೇಕು ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದರಿಂದಲೇ ಮಳೆಯಲ್ಲೂ ಬಸ್ಸಿಗೆ ಕಾಯದೆ ಓಡಿಸಿದೆ, ಓಡಿಸಿದ್ದರಿಂದಲೇ ಕೈ ಪಳಗಿತು. ಚಂದದ ಬೈಕು ಬೇಡ ಅಂತ ಹೊಸಬರಿಗೆ ಬುದ್ಧಿ ಹೇಳುವವರು ಈ ಲೆಕ್ಕ ಮರೆಯುತ್ತಾರೆ.

ಹದಿನೆಂಟು ತುಂಬಿ ಎಲ್‌ಎಲ್ಆರ್ ಮಾಡಿಸಿಕೊಂಡವರಿಗೆ ನನ್ನ ಸಲಹೆ ಇಷ್ಟೇ. ಫೇರಿಂಗ್ ಬೇಕೋ, ತೆಗೆದುಕೊಳ್ಳಿ. ಹ್ಯಾಂಡಲ್ ಸೀಟಿಗಿಂತ ಮೇಲಿರಲಿ, ಪಾದ ನೆಲಕ್ಕೆ ಊರಲಿ, ಎಬಿಎಸ್ ಇರಲಿ. ನೋಡಲು ಜನವರಿಯ ಬಿಸಿಲಿನಲ್ಲಿ ಹೋಗಬೇಡಿ, ಜುಲೈ ತಿಂಗಳಲ್ಲಿ ರೇನ್‌ಕೋಟು ಹಾಕಿಕೊಂಡೇ ಹೋಗಿ. ಹಿಂದಿನ ಸೀಟಿನಲ್ಲಿ ಕೂರುವವರು ಮನೆಯಲ್ಲಿ ಯಾರೋ, ಅವರನ್ನೂ ಕರೆದುಕೊಂಡು ಹೋಗಿ.