ಗಿರಾಕಿಯ ಮನಸ್ಸನ್ನು ಕಾಗದಕ್ಕೆ ಇಳಿಸುವ ಬಗೆ

ಸಂಜೆ ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಕಾರಖಾನೆಯ ಕೆಲಸಗಾರರೂ ಕಚೇರಿಯ ಗುಮಾಸ್ತರೂ ಹೆಚ್ಚು. ಇವರ ಮನೆಯ ಹುಡುಗ ಹುಡುಗಿಯರು ಈಚೆಗೆ ಹಿಡಿಯುತ್ತಿರುವ ಉದ್ಯೋಗಗಳಲ್ಲಿ ‘ಸ್ಟೈಲಿಂಗ್’ ಎಂಬುದೂ ಒಂದು. ನೇಯುವುದು ನೇಕಾರನ ಕೆಲಸ, ಹೊಲಿಯುವುದು ದರ್ಜಿಯ ಕೆಲಸ. ಯಾರು, ಯಾವ ಸಮಾರಂಭಕ್ಕೆ, ಯಾವ ಬಟ್ಟೆಯನ್ನು, ಯಾವ ಒಡವೆಯೊಡನೆ ಉಟ್ಟುತೊಟ್ಟು ಹೇಗೆ ಕಾಣಬೇಕೆಂಬುದನ್ನು ಗೊತ್ತುಮಾಡಿ, ಅದೆಲ್ಲವನ್ನೂ ಹೊಂದಿಸಿ ಕೊಡುವುದು ಈ ಮೂರನೆಯವರ ಕೆಲಸ. ಇದೂ ಒಂದು ಉದ್ಯೋಗವೇ ಎಂದು ಹಿರಿಯರು ಕೇಳುವುದುಂಟು. ನಾನೂ ಕೇಳಿದ್ದೆ. ನನ್ನ ತಂಗಿಯ ಮಗಳು ಇದೇ ಉದ್ಯೋಗದಲ್ಲಿ ಕೈಸುಟ್ಟುಕೊಂಡು, “ಮಾಮಾ, ಲೆಕ್ಕ ಒಂದಿಷ್ಟು ನೋಡಿಕೊಡು” ಎಂದು ಬಂದ ದಿನ ನನ್ನ ಪ್ರಶ್ನೆ ಬದಲಾಯಿತು.

ಪುಣೆಯಲ್ಲಿ ಈ ಕೆಲಸ ಹೊಸದಲ್ಲ, ಹೆಸರು ಮಾತ್ರ ಹೊಸದು. ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರ ಅಕ್ಟೋಬರ್ 31ರಂದು ಇದೇ ಊರಿನಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದರು. ಮುಂದೆ ಅವರ ಮಂಡಳಿಯಲ್ಲಿ ಬೆಳೆದು, 1913ರಲ್ಲಿ ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಬಾಲಗಂಧರ್ವರು ಸ್ತ್ರೀಪಾತ್ರದಲ್ಲಿ ಸೀರೆ ಉಡುತ್ತಿದ್ದ ರೀತಿಯನ್ನು ಮನೆಮನೆಯ ಹೆಣ್ಣುಮಕ್ಕಳು ಅನುಸರಿಸುತ್ತಿದ್ದರು. ಉಡುಪಿನ ವಿಷಯದಲ್ಲಿ ಅವರು ಖರ್ಚಿನ ಮುಖ ನೋಡಿದವರಲ್ಲ. ಮಂಡಳಿಗೆ ಸಾಲವಾದುದೂ ಎಲ್ಲರಿಗೂ ತಿಳಿದದ್ದೇ. ನೆರೆಯ ಕೊಲ್ಹಾಪುರದಲ್ಲಿ 1929ರಲ್ಲಿ ಹುಟ್ಟಿದ ಭಾನು ಅಥಯ್ಯಾ ಅವರು ‘ಗಾಂಧಿ’ ಚಿತ್ರದ ಉಡುಪಿಗಾಗಿ 1983ರಲ್ಲಿ ಜಾನ್ ಮೊಲ್ಲೊ ಅವರೊಡನೆ ಆಸ್ಕರ್ ಪ್ರಶಸ್ತಿ ಪಡೆದರು; ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರೇ. ಆ ಚಿತ್ರವನ್ನು ನೆನೆಸಿಕೊಳ್ಳಿ. 1893ರಲ್ಲಿ ದಕ್ಷಿಣ ಆಫ್ರಿಕದ ರೈಲಿನಲ್ಲಿ ಕುಳಿತ ಬ್ಯಾರಿಸ್ಟರರು ಸೂಟು ತೊಟ್ಟಿದ್ದರು. 1921ರಲ್ಲಿ ಮಧುರೆಯಲ್ಲಿ ಅವರೇ ಮೊಳಕಾಲ ಮೇಲಿನ ತುಂಡು ಪಂಚೆಗೆ ಇಳಿದರು. “ಗಾಂಧಿಯವರಿಗೆ ಒಂದು ಉಡುಪು ಮಾಡಿಕೊಡಿ” ಎಂದು ಯಾರಾದರೂ ಹೇಳಿದರೆ ಯಾವುದನ್ನು ಮಾಡುವುದು? ಯಾವ ವರ್ಷದ ಗಾಂಧಿ, ಯಾರ ಮುಂದೆ ನಿಂತ ಗಾಂಧಿ ಎಂದು ಕೇಳದೆ ಕತ್ತರಿ ಹಿಡಿಯುವಂತಿಲ್ಲ. ಚಿತ್ರದವರ ಕೈಯಲ್ಲಿ ಇದನ್ನೆಲ್ಲ ಬರೆದ ಚಿತ್ರಕಥೆ ಇರುತ್ತದೆ. ನಮ್ಮ ಹುಡುಗಿಯ ಬಳಿಗೆ ಬರುವ ಗಿರಾಕಿಯ ಕೈಯಲ್ಲಿ ಏನೂ ಇರುವುದಿಲ್ಲ. ಮನಸ್ಸಿನಲ್ಲಿ ಮಾತ್ರ ಏನೋ ಇರುತ್ತದೆ.

ಆ ‘ಏನೋ’ ಎಂಬುದನ್ನು ಹೊರತೆಗೆದು ಬರೆದ ಕಾಗದಕ್ಕೆ ಈ ವೃತ್ತಿಯವರು ‘ಬ್ರೀಫ್’ ಎನ್ನುತ್ತಾರೆ. ವಕೀಲರ ಬ್ರೀಫ್ ನಮಗೆ ಗೊತ್ತು. ಕಕ್ಷಿದಾರನ ಗೋಳನ್ನೆಲ್ಲ ಕೇಳಿ, ಅದರಲ್ಲಿ ದಾವೆಗೆ ಬೇಕಾದದ್ದನ್ನು ಆರಿಸಿ ಬರೆದುಕೊಳ್ಳುವಂತೆಯೇ ಇದೂ ಎಂದು ತಿಳಿದರೆ ಸಾಕು.

ಈಗ ಆಕೆ ಕೈಸುಟ್ಟುಕೊಂಡ ಕಥೆ. ಒಬ್ಬ ಬಟ್ಟೆ ವ್ಯಾಪಾರಿಗೆ ದೀಪಾವಳಿಯ ಜಾಹೀರಾತಿಗಾಗಿ ಛಾಯಾಚಿತ್ರಗಳು ಬೇಕಾಗಿದ್ದವು. ಮಾತಾಡಲು ಬಂದವನು ಅಂಗಡಿಯ ಕಿರಿಯ ಮಗ. “ಹಬ್ಬದ ಕಳೆ ಇರಬೇಕು, ಹಳೇ ಪದ್ಧತಿ ಇರಬೇಕು, ಆದರೆ ಹೊಸದಾಗಿ ಕಾಣಬೇಕು” ಎಂದ. ಈಕೆ ಒಪ್ಪಿಕೊಂಡಳು. ಕಪ್ಪು ಒಡಲಿನ ಇಳಕಲ್ ಸೀರೆ, ಕೆಂಪು ಸೆರಗು, ಬೆಳ್ಳಿಯ ಒಡವೆ ಎಂದು ಗೊತ್ತುಮಾಡಿದಳು. ಒಡವೆಯನ್ನು ಬಾಡಿಗೆಗೆ ತಂದಳು. ಉಟ್ಟು ನಿಲ್ಲುವ ಹುಡುಗಿಗೂ ಚಿತ್ರ ತೆಗೆಯುವವನಿಗೂ ಮುಂಗಡ ತನ್ನ ಕೈಯಿಂದಲೇ ಕೊಟ್ಟಳು. ಚಿತ್ರಗಳು ಚೆನ್ನಾಗಿಯೇ ಬಂದವು. ಮೂರನೆಯ ದಿನ ಅಂಗಡಿಯ ಯಜಮಾನರು ನೋಡಿ, “ದೀಪಾವಳಿಗೆ ಕಪ್ಪೇ?” ಎಂದರು. ಅಲ್ಲಿಗೆ ಮುಗಿಯಿತು. ಮಹಾರಾಷ್ಟ್ರದಲ್ಲಿ ಸಂಕ್ರಾಂತಿಗೆ ಕಪ್ಪು ಸೀರೆ ಉಡುವುದು ವಾಡಿಕೆ. ಅದೇ ಬಣ್ಣ ದೀಪಾವಳಿಯಲ್ಲಿ ಆ ಹಿರಿಯರ ಕಣ್ಣಿಗೆ ಅಪಶಕುನವಾಯಿತು. ಹಣ ಬರಲಿಲ್ಲ. ಮಗ ಫೋನು ಎತ್ತಲಿಲ್ಲ.

ಲೆಕ್ಕ ನೋಡಲು ಕುಳಿತ ನನಗೆ ಕಂಡದ್ದು, ಯಾರೂ ಇಲ್ಲಿ ಸುಳ್ಳು ಹೇಳಿರಲಿಲ್ಲ ಎಂಬುದು. ಬೇಡವಾದದ್ದು ಏನೆಂದು ಈಕೆ ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಎರಡನೆಯದಾಗಿ, ಮಾತಾಡಿದವನು ಒಬ್ಬ, ಒಪ್ಪಬೇಕಾದವನು ಇನ್ನೊಬ್ಬ. ಕಚೇರಿಯಲ್ಲಿ ಮೂವತ್ತು ವರ್ಷ ಟಿಪ್ಪಣಿ ಬರೆದ ನನಗೆ ಇದು ಹೊಸದಲ್ಲ. ಮಂಜೂರಿ ಕೊಡುವ ಅಧಿಕಾರಿಯ ಸಹಿ ಇಲ್ಲದ ಕಡತ ಎಷ್ಟು ದಪ್ಪವಿದ್ದರೂ ಅದು ಬರಿಯ ಕಾಗದವೇ. ಆ ಮಾತನ್ನು ಹುಡುಗಿಗೆ ಹೇಳಿದೆ. ಆಕೆ ಅತ್ತಳು, ಆಮೇಲೆ ಒಂದು ನೋಟುಬುಕ್ಕು ತಂದಳು.

ಮುಂದಿನ ಗಿರಾಕಿ ಚಿಂಚವಾಡದಲ್ಲಿ ನೆಲೆಸಿದ ಬಾಗಲಕೋಟೆ ಕಡೆಯ ಒಂದು ಕುಟುಂಬ. ಮಗಳ ಮದುವೆ, ಅರಿಷಿಣ, ಮುಹೂರ್ತ, ಆರತಕ್ಷತೆ, ಹೀಗೆ ಮೂರು ಸಮಾರಂಭ. ತಾಯಿ ಹೇಳಿದ್ದೂ ಅದೇ ಮಾತು: “ನಮ್ಮ ಕಡೀ ಪದ್ಧತಿ ಇರಬೇಕವ್ವಾ, ಆದರ ಮಂದಿ ನೋಡಿ ಹಳೇದು ಅನಬಾರದು.” ಈ ಸಲ ನಮ್ಮ ಹುಡುಗಿ ತಲೆಯಾಡಿಸಲಿಲ್ಲ. “ಕಾಕೂ, ನಿಮ್ಮ ಮದುವೀ ಫೋಟೋ ಐತೇನ್ರೀ? ತೋರಸ್ರಿ” ಎಂದಳು. ಫೋಟೋ ಬಂತು. ಅದರಲ್ಲಿ ಏನು ಇಷ್ಟ, ಏನು ಇಷ್ಟವಿಲ್ಲ ಎಂದು ಒಂದೊಂದಾಗಿ ಕೇಳಿದಳು. ಕಾಕುವಿಗೆ ಸೀರೆ ಇಷ್ಟ, ತಾವು ತಲೆ ತಗ್ಗಿಸಿ ಕುಳಿತದ್ದು ಇಷ್ಟವಿಲ್ಲ. ಮದುಮಗಳಿಗೆ ಸೀರೆಯೂ ಇಷ್ಟ, ಆದರೆ ಒಂಬತ್ತು ಗಜ ಉಟ್ಟು ನಾಲ್ಕು ತಾಸು ನಿಲ್ಲುವುದು ಬೇಡ. ತಂದೆ ಅಷ್ಟು ಹೊತ್ತೂ ಬಾಯಿ ಬಿಡಲಿಲ್ಲ. ಕಡೆಯಲ್ಲಿ ಕೇಳಿದ್ದು ಒಂದೇ ಮಾತು: “ಎಷ್ಟಾಗ್ತದ?”

ಗಮನಿಸಿರಿ. ಉಡುವವಳು ಒಬ್ಬಳು, ಮೆಚ್ಚಬೇಕಾದವಳು ಇನ್ನೊಬ್ಬಳು, ಹಣ ಕೊಡುವವನು ಮತ್ತೊಬ್ಬ. ಗಿರಾಕಿ ಎಂದರೆ ಈ ಮೂವರೂ ಕೂಡಿ. ಮೂವರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ ಮಾತಾಡಬೇಕು. ಬೇರೆ ಬೇರೆಯಾಗಿ ಮಾತಾಡಿದರೆ ಒಬ್ಬೊಬ್ಬರಿಗೂ ಒಂದೊಂದು ಮಾತು ಕೊಟ್ಟಂತಾಗಿ, ಕಡೆಗೆ ಎಲ್ಲರ ಮುನಿಸೂ ನಡುವಿನವರ ತಲೆಯ ಮೇಲೆ ಬೀಳುತ್ತದೆ.

ಆಕೆ ಹಾಕಿದ ಅಂದಾಜು 62,000 ರೂಪಾಯಿ. ತಂದೆ, “40ರ ಮ್ಯಾಲ ಒಂದು ರೂಪಾಯಿ ಆಗೂದಿಲ್ಲ” ಎಂದರು. ಇಂಥ ಹೊತ್ತಿನಲ್ಲಿ ಹೊಸಬರು ಮಾಡುವ ತಪ್ಪೆಂದರೆ, ಗಿರಾಕಿ ಕೈತಪ್ಪೀತೆಂಬ ಹೆದರಿಕೆಯಿಂದ ಅದೇ ಕೆಲಸವನ್ನು ಕಡಿಮೆ ಹಣಕ್ಕೆ ಒಪ್ಪಿಕೊಂಡು, ತಮ್ಮ ಮಜೂರಿಯನ್ನೇ ಬಿಟ್ಟುಕೊಡುವುದು. ಹಣ ಇಳಿದರೆ ಕೆಲಸವೂ ಇಳಿಯಬೇಕು. ಈಕೆ ಪಟ್ಟಿಯನ್ನು ಅವರ ಮುಂದಿಟ್ಟು, “ಮಾಮಾ, ಇದರಾಗ ಯಾವುದು ಬಿಡೂಣು ನೀವs ಹೇಳ್ರಿ” ಎಂದಳು. ಅರಿಷಿಣಕ್ಕೆ ಹೊಸ ಸೀರೆ ಬೇಡ, ಆಯಿಯ ಹಳೆಯ ಇಳಕಲ್ ಸೀರೆಯೇ ಆಗಲಿ ಎಂದು ಕಾಕುವೇ ಹೇಳಿದರು; 14,000 ಉಳಿಯಿತು. ಕುಪ್ಪಸದ ಮೇಲಿನ ಕೈಕಸೂತಿ ಬಿಟ್ಟರೆ 5,000. ಬಾಡಿಗೆಯ ಒಡವೆ ಎರಡು ಸಮಾರಂಭಕ್ಕೆ ಬದಲು ಒಂದಕ್ಕೆ ಮಾತ್ರ, 3,000. ಲೆಕ್ಕ 40,000ಕ್ಕೆ ಬಂದು ನಿಂತಿತು, ಮಜೂರಿಗೆ ಯಾರೂ ಕೈಹಚ್ಚಲಿಲ್ಲ. ಕಸೂತಿ ಹೋದದ್ದು ನನಗೆ ಈಗಲೂ ಬೇಸರವೇ. ಗಂಟಿಲ್ಲದೆ, ಎಳೆ ಎಣಿಸಿ, ಎರಡು ಮೈಯಲ್ಲೂ ಒಂದೇ ತೆರನಾಗಿ ಕಾಣುವಂತೆ ಹಾಕುವ ಆ ಹೊಲಿಗೆಗೆ ಹಿಡಿಯುವ ದಿನಗಳ ಕೂಲಿಯನ್ನು ಕೊಡುವವರು ಕಡಿಮೆಯಾಗಿದ್ದಾರೆ.

ಆರತಕ್ಷತೆಯ ಹೊಸ ಸೀರೆಯನ್ನು ಇಳಕಲ್ಲಿನ ಕೈಮಗ್ಗದಲ್ಲಿ ನೇಯಿಸುವುದೆಂದಾಯಿತು. ಇಲ್ಲಿ ಓದುಗರು ಆ ಸೀರೆಯ ಒಂದು ಗುಟ್ಟನ್ನು ತಿಳಿಯಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಸಾಮಾನ್ಯವಾಗಿ ಹತ್ತಿ, ಸೆರಗಿಗೆ ರೇಷ್ಮೆ. ಎರಡು ಹಾಸಿನ ಎಳೆಗಳನ್ನೂ ಕೊಂಡಿಯಂತೆ ಒಂದಕ್ಕೊಂದು ಸಿಕ್ಕಿಸಿ ಮಗ್ಗಕ್ಕೆ ಏರಿಸುತ್ತಾರೆ; ಇದಕ್ಕೇ ಕೊಂಡಿ ಪದ್ಧತಿ ಎನ್ನುವುದು. ಕೆಂಪಿನ ಮೇಲೆ ಬಿಳಿಯ ಜೋಳದ ತೆನೆಯಂಥ ಸಾಲು ಬರುವ ತೋಪುತೆನೆ ಸೆರಗು ಹೀಗೆ ಹುಟ್ಟುತ್ತದೆ. ಆದ್ದರಿಂದ ಸೆರಗಿನ ಬಣ್ಣವನ್ನು ನೇಯುವ ನಡುವೆ ಬದಲಿಸುವಂತಿಲ್ಲ. ಹಾಸು ಹೂಡುವ ಮುಂಚೆಯೇ ಅದು ಗೊತ್ತಾಗಿರಬೇಕು.

ಇದರಿಂದ ಆ ಹುಡುಗಿಗೆ ಹೊಳೆದ ಉಪಾಯವನ್ನು ನಾನು ಮೆಚ್ಚಿದೆ. ನೋಟುಬುಕ್ಕಿನಲ್ಲಿ ಆಕೆ ಬರೆದದ್ದು ‘ಏನು ಬೇಕು’ ಎಂಬ ಪಟ್ಟಿಯನ್ನಷ್ಟೇ ಅಲ್ಲ. ಯಾವುದನ್ನು ಯಾವ ತಾರೀಖಿನವರೆಗೆ ಬದಲಿಸಬಹುದು ಎಂಬುದನ್ನೂ ಬರೆದಳು. ಸೆರಗು ಮತ್ತು ಒಡಲಿನ ಬಣ್ಣ ಹಾಸು ಹೂಡುವವರೆಗೆ. ಕುಪ್ಪಸದ ತೋಳು, ಕೊರಳು ಕತ್ತರಿ ಬೀಳುವವರೆಗೆ. ಒಡವೆ ಬಾಡಿಗೆಯ ಮುಂಗಡ ಕೊಡುವವರೆಗೆ. ಹೂವು, ಜಡೆ, ಸೀರೆಯ ನಿರಿಗೆ ಆ ದಿನದ ಬೆಳಗಿನವರೆಗೂ. ತಾರೀಖು ದಾಟಿದ ಮೇಲೆ ಬದಲಿಸಿದರೆ ತಗಲುವ ಖರ್ಚು ಯಾರದು ಎಂಬುದೂ ಅಲ್ಲೇ ಇತ್ತು.

ಬಣ್ಣದ ವಿಷಯ ಇನ್ನೂ ಕಠಿಣ. ಕೆಂಪು ಎಂದರೆ ಮದುಮಗಳಿಗೆ ಒಂದು ಕೆಂಪು, ಕಾಕುವಿಗೆ ಗಿರಿಕುಂಕುಮದ ಕೆಂಪು, ನೇಕಾರನಿಗೆ ಅವನ ಬಳಿಯಿರುವ ಲಡಿಯ ಕೆಂಪು. ಮೊಬೈಲಿನಲ್ಲಿ ಚಿತ್ರ ಕಳಿಸಿದರೆ ಸಾಲದೇ ಎನ್ನುವಿರಿ. ಒಂದೇ ಚಿತ್ರ ಎರಡು ಮೊಬೈಲಿನಲ್ಲಿ ಎರಡು ಬಣ್ಣವಾಗಿ ಕಾಣುತ್ತದೆ. ಒಂದೇ ದಾರ ಹಗಲಿನಲ್ಲಿ ಒಂದು, ಕಾರ್ಯಾಲಯದ ದೀಪದಲ್ಲಿ ಇನ್ನೊಂದು. ಆದಕಾರಣ ಇಳಕಲ್ಲಿನಿಂದ ದಾರದ ತುಣುಕುಗಳನ್ನು ಅಂಚೆಯಲ್ಲಿ ತರಿಸಿ, ಹಗಲಿನಲ್ಲೊಮ್ಮೆ ದೀಪದ ಕೆಳಗೊಮ್ಮೆ ಹಿಡಿದು ನೋಡಿ, ಒಪ್ಪಿದ ತುಣುಕನ್ನು ಕಾಗದಕ್ಕೆ ಅಂಟಿಸಿ, ಪಕ್ಕದಲ್ಲಿ ಮೂವರ ಸಹಿ ಹಾಕಿಸಿದಳು. ಕಾಕು ಕನ್ನಡದಲ್ಲಿ ಸಹಿ ಹಾಕಿದರು, ಮಗಳು ಇಂಗ್ಲಿಷಿನಲ್ಲಿ.

‘ಬೇಡ’ ಎಂಬ ಪಟ್ಟಿಗೆ ಒಂದು ಪುಟವನ್ನೇ ಬಿಟ್ಟಿದ್ದಳು. ಕಪ್ಪು ಬೇಡ ಎಂದು ತಾಯಿ, ತಲೆಯ ಮೇಲೆ ಸೆರಗು ಬೇಡ ಎಂದು ಮಗಳು. “ಸಾಲ ಬೇಡ” ಎಂದು ತಂದೆ. ಅದನ್ನೂ ಬರೆದುಕೊಂಡಳು.

ಹಾಸು ಹೂಡಿ ವಾರವಾದ ಮೇಲೆ ಮದುಮಗಳ ಫೋನು ಬಂತು. ಗೆಳತಿಯೊಬ್ಬಳ ಮದುವೆಯಲ್ಲಿ ಹಸಿರು ಸೆರಗು ನೋಡಿದ್ದಳಂತೆ. ತನಗೂ ಅದೇ ಬೇಕು. ಹಿಂದಿನ ಹುಡುಗಿಯಾಗಿದ್ದರೆ ಆಗಲಿ ಎಂದು ಒಪ್ಪಿ ನಷ್ಟ ನುಂಗುತ್ತಿದ್ದಳು, ಇಲ್ಲವೇ ಆಗದು ಎಂದು ಮನಸ್ಸು ಮುರಿಯುತ್ತಿದ್ದಳು. ಈಗ ಕಾಗದ ತೆಗೆದು ತಾರೀಖು ತೋರಿಸಿದಳು. ಹಸಿರು ಬೇಕೇಬೇಕಾದರೆ ಸೆರಗಿನ ಹಾಸನ್ನು ಹೊಸದಾಗಿ ಮಾಡಬೇಕು, ಅದರ ಖರ್ಚು ಇಷ್ಟು, ಸೀರೆ ತಡವಾಗುವ ದಿನ ಇಷ್ಟು ಎಂದು ತಿಳಿಸಿದಳು. ಅಷ್ಟಕ್ಕೇ ನಿಲ್ಲದೆ, “ಹಸಿರು ಯಾಕ ಬೇಕು?” ಎಂದು ಕೇಳಿದಳು. ಕೆಂಪು ಒಡಲಿಗೆ ಕೆಂಪು ಸೆರಗಾದರೆ ಚಿತ್ರದಲ್ಲಿ ಮುಖ ಎದ್ದು ಕಾಣುವುದಿಲ್ಲವೆಂಬ ಚಿಂತೆ ಆ ಹುಡುಗಿಗೆ. ಹಾಗಾದರೆ ಮುಖದ ಹತ್ತಿರ ಇರುವುದು ಕುಪ್ಪಸ. ಕುಪ್ಪಸಕ್ಕೆ ಇನ್ನೂ ಕತ್ತರಿ ಬಿದ್ದಿಲ್ಲ. ಗುಳೇದಗುಡ್ಡದ ಹಸಿರು ಖಣ ತರಿಸೋಣ ಎಂದಾಯಿತು. ಖಣದ ಅಗಲ, ಪುಣೆಯ ಅಂಗಡಿಯವರು ಪನ್ಹಾ ಎನ್ನುವುದು, ಕಡಿಮೆ. ಮದುಮಗಳು ಕೇಳಿದ ಉದ್ದ ತೋಳಿಗೆ ಒಂದು ಖಣ ಸಾಲದು, ಎರಡು ಬೇಕು. ಎರಡನೆಯ ಖಣದ ಹಣ ತನ್ನ ಸಂಬಳದಿಂದ ಕೊಡುತ್ತೇನೆಂದು ಅವಳು ಬರೆದು ಸಹಿ ಹಾಕಿದಳು, ತಂದೆಗೆ ತಿಳಿಸದೆ. ನಮ್ಮ ಹುಡುಗಿ, “ಹಂಗ ಆಗೂದಿಲ್ಲ, ಕಾಗದ ಮೂವರದು” ಎಂದು ಅವರ ಮನೆಗೇ ಹೋಗಿ ತಂದೆಯ ಸಹಿಯನ್ನೂ ತಂದಳು. ಅವರು ಓದಿ ನಕ್ಕರಂತೆ.

ಕೊನೆಯ ಕಂತನ್ನು ಆರತಕ್ಷತೆಯ ಹಿಂದಿನ ದಿನವೇ, ಉಟ್ಟು ನೋಡಿದ ಕೂಡಲೇ ಕೊಡಬೇಕೆಂದು ಕರಾರಿನಲ್ಲಿತ್ತು. ಮದುವೆಯ ಮರುದಿನ ಹಣ ಕೇಳುವುದು ಕೊಡುವವರಿಗೂ ಮುಜುಗರ, ಕೇಳುವವರಿಗೂ ಮುಜುಗರ. ಉಟ್ಟು ನೋಡುವಾಗ ಕುಪ್ಪಸ ಬಗಲಲ್ಲಿ ಬಿಗಿಯಾಗಿತ್ತು. ಒಳಗೆ ಬಿಟ್ಟಿದ್ದ ಹೊಲಿಗೆಯನ್ನು ಬಿಚ್ಚಿ ಸರಿಪಡಿಸಲು ದರ್ಜಿಗೆ ಒಂದು ತಾಸು ಹಿಡಿಯಿತು. ಬಾಡಿಗೆಯ ಒಡವೆ ಮರುದಿನ ಎಣಿಸಿ ಹಿಂದಿರುಗಿತು.

ಆ ನೋಟುಬುಕ್ಕಿನ ಪುಟಗಳ ನಕಲನ್ನು, ಹೆಸರುಗಳನ್ನು ತೆಗೆದು, ವಾಚನಾಲಯದ ಕಪಾಟಿನಲ್ಲಿ ಇರಿಸಿದ್ದೇನೆ. ದಾರದ ತುಣುಕುಗಳೂ ಅಂಟಿಸಿದಂತೆಯೇ ಇವೆ. ಮನೆಯಲ್ಲಿ ಹೊಲಿಗೆ, ಅಲಂಕಾರ, ನಾಟಕದ ಉಡುಪು ಮುಂತಾದ ಕೆಲಸ ಹಿಡಿದವರು ಬಂದು ನೋಡಿ ಬರೆದುಕೊಳ್ಳಬಹುದು. ಪುಟಗಳನ್ನು ಮಾತ್ರ ಮನೆಗೆ ಒಯ್ಯಬಾರದು.